ಗೋಲಿಗೆ ನಿಂತ ವಲೇರಿಯನ್

ಸೌದಿಯ ಜುಬೈಲಿನಲ್ಲಿದ್ದ ನಮ್ಮ ಕಂಪನಿಯ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುತ್ತಿದ್ದವನು ನಮಗೆ ವೀಸಾ ಕೊಟ್ಟು ಕರೆಸಿದ್ದ ಮಾಲೀಕ, ಕಫೀಲ್. ಕಾರಿನಿಂದ ಇಳಿಯದೆ ಆಟ ನೋಡಿ, ಬೇಕಾದವನನ್ನು ಕರೆಸಿಕೊಳ್ಳುತ್ತಿದ್ದ. ತೊಂಬತ್ತಾರರಲ್ಲಿ ಕೆಲಸ ಕಡಿಮೆಯಾಯಿತು. ತಂಡಕ್ಕೆ ಸೇರಿದವನಿಗಷ್ಟೇ ಇಕಾಮಾ, ಅಂದರೆ ಅಲ್ಲಿರುವ ಪರವಾನಗಿ, ಮುಂದುವರಿಯುವುದು, ಉಳಿದವರು ಊರಿಗೆ ಎಂದರು ಕಂಪನಿಯವರು. ಉಳಿದ ಜಾಗಗಳೆಲ್ಲ ಮೊದಲೇ ತುಂಬಿ, ಆ ವರ್ಷ ಬೇಕಿದ್ದದ್ದು ಗೋಲ್‌ಕೀಪರ್ ಒಬ್ಬನೇ. ಉಡುಪಿಯ ವಲೇರಿಯನ್ ಗೋಲು ಹೊಡೆಯುವವನು. ಅವನಷ್ಟು ಚೆನ್ನಾಗಿ ಆಡುವವರು ಕ್ಯಾಂಪಿನಲ್ಲೇ ಇರಲಿಲ್ಲ.

“ನಾನೇ ಗೋಲಿಗೆ ನಿಲ್ತೇನೆ ಲಿಂಗಣ್ಣ. ಬೇರೆ ಎಂತ ಮಾಡ್ಲಿ?” ಎಂದ.

“ನೀನು ಗೋಲು ಕಾಯೋದು ಬೆಕ್ಕು ಹಾಲು ಕಾದ ಹಾಗೆ ಕಣಯ್ಯ,” ಎಂದೆ. ಅವನು ನಗಲಿಲ್ಲ.

ಆಯ್ಕೆಯ ದಿನ ಮೊದಲ ಚೆಂಡು ಎದೆಮಟ್ಟಕ್ಕೆ ಮೆಲ್ಲಗೆ ಬಂತು. ಹಿಡಿದಿದ್ದರೆ ಸಾಕಿತ್ತು. ಅವನು ಇಷ್ಟು ವರ್ಷದ ರೂಢಿಯಂತೆ ಎದೆಯಿಂದ ಕಾಲಿಗೆ ಇಳಿಸಿಕೊಂಡ. ಎದುರಿನವನು ಅದನ್ನು ಕಂಬಗಳ ನಡುವೆ ತಳ್ಳಿದ. ಕಫೀಲ್ ಕಾರಿನೊಳಗಿಂದಲೇ ಮುಂದಿನವನು ಬರಲಿ ಎಂದು ಕೈಸನ್ನೆ ಮಾಡಿದ.

“ಇನ್ನೊಂದು ಬಾಲ್ ಹಾಕ್ಲಿ ಅಣ್ಣ,” ಎಂದು ವಲೇರಿಯನ್ ಎರಡೂ ಕೈ ಚಾಚಿಕೊಂಡು ನಿಂತೇ ಇದ್ದ.