ಹತ್ತು ಗಜದ ಸರಪಳಿ

ಬಂತು ಅಳತೆಯ ಸರಪಳಿ, ಹುಲ್ಲಿನ ಮೇಲೆ ಜಣಜಣ ಎಳೆದುಕೊಂಡು, ಎರಡೂ ತುದಿಗೆ ಕಿತ್ತಳೆ ಬಣ್ಣದ ಕೋಲು, ಹಿಡಿದವರು ಊರಿನ ಇಬ್ಬರು ಮುದುಕರು, ಆತುರವೇ ಇಲ್ಲ ಅವರಿಗೆ, ಹೋಗುವ ಕೆಲಸ ಅವರದ್ದಲ್ಲವಲ್ಲ, ರಾಯ್ಸ್ ಟಕೆಟ್‌ನದು — ಐವತ್ತೆಂಟು ವಯಸ್ಸು, ಮೂವತ್ತೊಂದು ವರ್ಷ, ಒಂಬತ್ತು ರಾಜ್ಯ, ಹದಿನಾಲ್ಕು ಕಾಲೇಜು, ಎಲ್ಲ ಕಡೆಯೂ ಅಮೆರಿಕನ್ ಫುಟ್‌ಬಾಲ್ ತಂಡದ ಸಹಾಯಕ ಕೋಚ್, ನೆಬ್ರಾಸ್ಕಾದ ಈ ಚಳಿಯ ಊರಿನಲ್ಲಿ ಮಾತ್ರ ಐದು ವಾರದಿಂದ ಹಂಗಾಮಿ ಮುಖ್ಯ ಕೋಚ್, ಅದೂ ಮೇಲಿನವನನ್ನು ಪಂದ್ಯಾವಳಿಯ ನಡುವೆಯೇ ಓಡಿಸಿದ್ದರಿಂದ. ಬೆಳಿಗ್ಗೆ ಕ್ರೀಡಾ ನಿರ್ದೇಶಕ ವಿಟ್‌ಕಂಬ್ ಪ್ಯಾನ್‌ಕೇಕ್ ಕತ್ತರಿಸುತ್ತ ಹೇಳಿದ್ದ, ನೋಡಿ ಕೋಚ್, ಇವತ್ತು ಗೆದ್ರೆ ಕುರ್ಚಿ ನಿಮ್ದೇ, ಹುಚ್ಚಾಟ ಮಾತ್ರ ಆಡ್ಬೇಡಿ. ಹುಚ್ಚಾಟ — ಮೂರು ಅಂಕ ಮುಂದಿದ್ದೇವೆ, ಎರಡು ನಿಮಿಷ ಬಾಕಿ, ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ದಾಟಬೇಕು, ಮೂರು ಮುಗಿದು ಉಳಿದದ್ದು ಒಂದು ಗೇಣು, ಇಂಥಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ಜಾಣತನ, ದಾಟಲು ನುಗ್ಗಿ ಸಿಕ್ಕಿಬಿದ್ದರೆ ಚೆಂಡು ಇಲ್ಲೇ ಅವರ ಕೈಗೆ. ಗೊತ್ತು. ಒದ್ದು ನೋಡಿದ್ದಾನೆ ಟಕೆಟ್, ಒಂಬತ್ತು ವರ್ಷದ ಹಿಂದೆ, ಟೆಕ್ಸಾಸ್‌ನಲ್ಲಿ, ಇದೇ ಒಂದು ಗೇಣು, ನುಗ್ಗೋಣ ಅಂದವನಿಗೆ ಮುಖ್ಯ ಕೋಚ್, ಬಾಯ್ಮುಚ್ಕೊಂಡು ಒದೆಸೋ ಅಂದ, ಒದೆಸಿದ, ಎದುರಾಳಿ ಅದನ್ನೇ ಹಿಡಿದು ಎಂಬತ್ತು ಗಜ ಓಡಿ ಗೆದ್ದ, ಸಂಜೆ ಪತ್ರಕರ್ತರ ಮುಂದೆ ಅದೇ ಮುಖ್ಯ ಕೋಚ್, ಒದೆಯೋ ತೀರ್ಮಾನ ಟಕೆಟ್‌ದು ಅಂದ. ಮರುದಿನ ಬೆಳಿಗ್ಗೆ ಅಂಗಳದ ತುಂಬ ಅಭಿಮಾನಿಗಳು ನೆಟ್ಟುಹೋದ ಫಲಕ, ಮನೆ ಮಾರಾಟಕ್ಕಿದೆ, ಅಂದರೆ ಊರು ಬಿಟ್ಟು ತೊಲಗು, ಹನ್ನೊಂದು ಎಣಿಸಿದ, ಹೆಂಡತಿ ಲೊರೀನ್ ನೈಟಿಯಲ್ಲೇ ಹೊರಗೆ ಬಂದು ನಕ್ಕಳು, ಬಾಡಿಗೆ ಮನೇನೂ ಮಾರೋಕೆ ಹೊರಟವಲ್ಲ ಪೆದ್ದುಮುಂಡೇವು, ಕೋಲು ಗಟ್ಟಿಯಾಗಿವೆ ರಾಯ್ಸ್, ಕೀಳು, ಟೊಮೇಟೊ ಗಿಡಕ್ಕಾಗತ್ತೆ. ಆಮೇಲಿನ ನಾಲ್ಕು ಊರಿಗೂ ಅವು ಲಾರಿ ಹತ್ತಿ ಬಂದವು, ನಾಲ್ಕು ಕಡೆಯೂ ಟೊಮೇಟೊ ಬಿಟ್ಟಿತು, ಯಾರ ಅಪ್ಪಣೆಯೂ ಬೇಕಾಗಲಿಲ್ಲ ಅದಕ್ಕೆ. ಇವತ್ತು, ಸರಪಳಿ ಬರುವ ಮೊದಲು, ಮುಂದಿನ ಸಾಲಿನ ಓಟಿಸ್, ತುಟಿ ಒಡೆದು ರಕ್ತ, ಒದೀಬೇಡಿ ಕೋಚ್, ಒಂದು ಗೇಣು ತಾನೆ, ನನ್ನ ಬೆನ್ನ ಹಿಂದೇನೇ ಬರೋಕೆ ಹೇಳಿ ಚೆಂಡು ಹಿಡಿದೋನಿಗೆ. ಬೆನ್ನ ಹಿಂದೆ ವಿಟ್‌ಕಂಬ್ ಕೂಗುತ್ತಿದ್ದ, ಒದೆಸಿ, ಒದೆಸಿ. ಟಕೆಟ್ ತಿರುಗಿಯೂ ನೋಡಲಿಲ್ಲ, ನುಗ್ರೋ ಅಂದ, ನುಗ್ಗಿದರು, ಇಪ್ಪತ್ತು ಮೈ ಒಂದರ ಮೇಲೊಂದು ಬಿದ್ದವು, ಹೆಲ್ಮೆಟ್ಟುಗಳು ಡಿಕ್ಕಿ ಹೊಡೆದ ಸದ್ದು, ಆ ಸದ್ದಿಗಾಗಿಯೇ ಅಲ್ಲವೇ ಮೂವತ್ತೊಂದು ವರ್ಷ — ಈಗ ರೆಫರಿ ಒಬ್ಬೊಬ್ಬರನ್ನೇ ಎಬ್ಬಿಸಿ ಎರಡೂ ಕಡೆ ಚೂಪಾದ ಚೆಂಡನ್ನು ಅದರ ಮೂತಿ ಮುಟ್ಟಿದಲ್ಲೇ ಇಟ್ಟ, ಮುದುಕ ಕೋಲನ್ನು ಎಳೆದ, ಸರಪಳಿ ಕೊನೆಯ ಕೊಂಡಿಯವರೆಗೂ ಬಿಗಿದುಕೊಂಡಿತು, ಕೋಲಿಗೂ ಚೆಂಡಿಗೂ ನಡುವೆ ಬೆರಳಗಲ ಹುಲ್ಲು. ದಾಟಲಿಲ್ಲ. ರೆಫರಿಯ ಕೈ ಆ ಕಡೆಗೆ, ಚೆಂಡು ಅವರಿಗೆ. ಏನ್ರೀ ಇದು, ಕುರ್ಚಿ ಕೈಲಿತ್ತಲ್ರೀ, ವಿಟ್‌ಕಂಬ್, ಕಿವಿಯ ಹತ್ತಿರವೇ. ಇನ್ನೊಂದ್ಸಲ ಸಿಕ್ಕಿದ್ರೂ ಇದನ್ನೇ ಮಾಡ್ತೀನಿ, ಈ ಸಲ ತೀರ್ಮಾನ ನಂದೇ, ಸಂಜೆ ಪತ್ರಕರ್ತರಿಗೆ ನಾನೇ ಹೇಳ್ತೀನಿ, ಅಂದ ಟಕೆಟ್. ಹದಿನೈದನೇ ಊರು ಇದ್ದರೆ ಇರಲಿ, ಹನ್ನೊಂದು ಕೋಲಿವೆ. ಓಟಿಸ್ ತಲೆ ತಗ್ಗಿಸಿ ಬರುತ್ತಿದ್ದಾನೆ, ತಲೆ ಎತ್ತೋ, ಎರಡು ನಿಮಿಷ ಇದೆ, ತಡೀರಿ ಅವರನ್ನ — ಕೂಗುತ್ತಲೇ ಇದ್ದಾನೆ, ಕಣ್ಣು ಮಾತ್ರ ಅಲ್ಲಿಂದ ಕೀಳುತ್ತಿಲ್ಲ, ಬಿಗಿದ ಸರಪಳಿ, ಕಿತ್ತಳೆ ಕೋಲು, ಬೆರಳಗಲ ಹುಲ್ಲು, ಬೆರಳಗಲ ಹುಲ್ಲು