ಕಡ್ಡಿ ಪೈಲ್ವಾನನ ಕೊಬ್ಬು

ಮತ್ತೆ ಅಂಟಿಕೊಂಡಿತು, ಕತ್ತರಿಯ ತುದಿಗೆ ಹಳದಿ ಚೂರು, ನರ್ಸು ಒರೆಸಿ ಕೊಟ್ಟಳು, ಮತ್ತೆ ಹಾಕಿದರೆ ಮತ್ತೆ ಅದೇ – ಇದು ಕೊಬ್ಬೋ ಗೋಡೆಗೆ ಮೆತ್ತಿದ ಗಾರೆಯೋ, ಛೀ, ಸರಿಯಾದ ಕೊಬ್ಬು ಕಿಡ್ನಿಯ ಮೇಲಿಂದ ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಜಾರಿ ಬರಬೇಕು, ಇಪ್ಪತ್ತೆರಡು ವರ್ಷದಿಂದ ಹಾಗೇ ಬಂದಿದೆ, ಇವನದಕ್ಕೆ ಮಾತ್ರ ಏನು ಬಂತು ರೋಗ, ದೊಡ್ಡ ಡಾಕ್ಟರಿಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ದಪ್ಪಗಿರುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ತಾತ್ಸಾರ, ತಿನ್ನೋಕೆ ನೀವು, ಅಗೆಯೋಕೆ ನಾನಾ, ಎಂದು ಮುಖಕ್ಕೇ ಹೇಳಿದ್ದುಂಟು, ಆದರೆ ಎದುರಿಗೆ ಮಲಗಿರುವ ಈ ಮೇಷ್ಟ್ರು ಸಣಕಲ, ಕಡ್ಡಿ ಪೈಲ್ವಾನ, ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡವನು. ಎಲ್ಲರಿಗೂ ನೋಡುವ ಹಾಗೇ ಇವನಿಗೂ ನೋಡಿದ್ದರು, ಹೊಟ್ಟೆಯ ಮೇಲೆ ಎರಡು ಬೆರಳಲ್ಲಿ ಚಿವುಟಿ ಎತ್ತಿ – ಬರೀ ಚರ್ಮ, ಏನೂ ಇಲ್ಲ, ಒಂದು ಗಂಟೆ ಕೆಲಸ ಅಮ್ಮಾ. ಹೆಂಡತಿ ನಕ್ಕಿದ್ದಳು, ಇವರನ್ನ ಚಿವುಟಿದ್ರೆ ನಿಮ್ಮ ಉಗುರೇ ನೋಯುತ್ತೆ ಡಾಕ್ಟ್ರೇ, ಆಮೇಲೆ ನಗು ನಿಲ್ಲಿಸಿ, ಹುಟ್ಟಿದಾಗಿಂದ್ಲೂ ಇವರಿಗೆ ಒಂದೇ ಕಿಡ್ನಿ, ಗಡ್ಡೆ ಮಾತ್ರ ತೆಗೆದು ಅದನ್ನ ಉಳಿಸಿಕೊಡಿ.

ಉಳಿಸಿಕೊಡಿ – ಮಾರನೆಯ ದಿನ ಈ ಹುಡುಗಿ, ನಿನ್ನೆ ಮೊನ್ನೆ ಪಾಸಾದ ಚಿಕ್ಕ ಡಾಕ್ಟರು, ಸ್ಕ್ಯಾನ್ ಹಿಡಿದುಕೊಂಡು ಬಂದಳು, ಸರ್, ಕಿಡ್ನಿ ಸುತ್ತ ಕೊಬ್ಬಲ್ಲಿ ಗೆರೆ ಗೆರೆ ಕಾಣ್ತಿದೆ, ಗಟ್ಟಿಯಾಗಿ ಅಂಟ್ಕೊಂಡಿರಬಹುದು, ಸಣ್ಣಗಿರೋರಿಗೂ ಹೀಗಾಗುತ್ತೆ, ಇಂಥ ಆಪರೇಷನ್ನೇ ಮಾಡೋ ಆಸ್ಪತ್ರೆಗೆ ಕಳಿಸೋಣ್ವಾ. ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮಾ, ಚಿವುಟಿ ನೋಡಿದ್ದೀನಲ್ಲ! ಎಲ್ಲರೂ ನಕ್ಕರು, ಅವಳ ಕಿವಿ ಕೆಂಪಾಯಿತು, ಅಜ್ಜಿಗೆ ಕೆಮ್ಮು ಕಲಿಸಲು ಬಂದ ಮೊಮ್ಮಗಳು. ಈಗ ಎದುರಿಗೇ ನಿಂತು ಗಾಯದ ಅಂಚು ಎಳೆದು ಹಿಡಿದಿದ್ದಾಳೆ, ನಾನು ಹೇಳಿರಲಿಲ್ವಾ ಎನ್ನಬಾರದೇ, ಹಾಗೆ ಅಂದರೆ ಬೈಯಬಹುದು – ಬಂತು, ಅಬ್ಬ, ಬಂತು, ಕೊಬ್ಬಿನ ಜೊತೆ ಕಿಡ್ನಿಯ ಪೊರೆಯೂ ಕಿತ್ತು ಬಂತು, ರಕ್ತ, ಬಟ್ಟೆ ಕೊಡಿ, ಒತ್ತಿ, ಗಡ್ಡೆ ಎಲ್ಲಿಗೆ ಮುಗಿಯಿತು ಕಿಡ್ನಿ ಎಲ್ಲಿ ಶುರುವಾಯಿತು ಒಂದೂ ತಿಳಿಯುತ್ತಿಲ್ಲ, ಬಿಪಿ ಇಳೀತಿದೆ ಸರ್, ಅರಿವಳಿಕೆಯವರ ದನಿ, ಬೇಗ ಏನಾದ್ರೂ ಮಾಡಿ. ಕಿಡ್ನಿ ಪೂರ್ತಿ ತೆಗೀಬೇಕಾ ಸರ್? ಹುಡುಗಿ ಕೇಳಿದಳು, ದನಿಯಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹ್ಞೂಂ ಎಂದರು. ಒಂದು ಗಂಟೆ ಅಂದದ್ದು ಮೂರಾಗಿದೆ, ಹೊರಗೆ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ, ಮಡಿಲಲ್ಲಿ ಅವನ ಬೆಲ್ಟು ಸುತ್ತಿಟ್ಟುಕೊಂಡು, ಹೋಗಿ ಏನು ಹೇಳುವುದು, ಇನ್ನು ಸಾಯುವ ತನಕ ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದೇ, ನಿನ್ನ ಗಂಡನ ಕೊಬ್ಬೇ ಕೆಟ್ಟದ್ದು ಎಂದೇ, ಥೂ ನಿನ್ನ ಮುಖಕ್ಕಿಷ್ಟು, ಸ್ಕ್ಯಾನ್ ಮೇಜಿನ ಮೇಲೇ ಇತ್ತಲ್ಲೋ, ಕಣ್ಣೆತ್ತಿ ನೋಡಲಿಲ್ಲವಲ್ಲೋ, ಚಿವುಟಿದೆ, ಚಿವುಟಿ ಎತ್ತಿದೆ – ಎರಡು ಬೆರಳು, ನಡುವೆ ಒಂದಿಷ್ಟು ಚರ್ಮ, ಅವಳು ನಗುತ್ತಿದ್ದಾಳೆ, ಎರಡು ಬೆರಳು, ನಡುವೆ ಒಂದಿಷ್ಟು ಚರ್ಮ