ನೂರಕ್ಕೆ ತೊಂಬತ್ತೆಂಟು

1

ಆಳಂದದ ಬಸವಂತರಾಯರ ಅಡತ ಅಂಗಡಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ರೈತರ ನೂರು ಕಿಲೋ ತೊಗರಿ ತೂಗಿಸಿಕೊಂಡು ತೊಂಬತ್ತೆಂಟು ಕಿಲೋಗೆ ರೇಟು ಕೊಟ್ಟರು. ಉಳಿದೆರಡಕ್ಕೆ ‘ಸೂಟು’ ಎಂದು ಹೆಸರು.

ಕಥೆ ಹೀಗೆ ಶುರುವಾಗಬಹುದೇ? ಅಥವಾ ‘ಆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ನಿಶಾತ ಕಣ್ಣೊರೆಸಿಕೊಂಡಳು’ ಎಂದು ಶುರು ಮಾಡಲೇ? ಮಾಡಿದ್ದೆ. ಡ್ರಾಫ್ಟಿನೊಳಗಿಂದಲೇ ನಿಶಾತ ತಕರಾರು ತೆಗೆದಳು: “ಕಥಿಗಾರ್ರೇ, ನಾ ಯಾವಾಗ ಅತ್ತೀನ್ರಿ? ನಾ ಏನು ಮಾಡೇನಿ, ಅದನ್ನ ಬರೀರಿ.”

(ಹೊಡೆದು ಹಾಕಿದ್ದೇನೆ. ನನ್ನ ಪಾತ್ರಗಳು ನನಗೆ ಅಂಜುವುದಿಲ್ಲ. ಸಂಭಾವನೆಯನ್ನೂ ಕೇಳುವುದಿಲ್ಲ, ಪುಣ್ಯ.)

2

ಅವಳು ಮಾಡಿದ್ದು ಇದು. ಟ್ರೇಡಿಂಗ್ ಸಾಫ್ಟ್‌ವೇರ್ ತೆರೆದರೆ ಮುಂಬೈಯ ಷೇರಿಗೆ ರೇಟಿನ ಏರಿಳಿತ ತೋರಿಸುವ ಗೆರೆ ಇದೆ, ಬಂಗಾರಕ್ಕಿದೆ, ಅಮೆರಿಕದ ಎಣ್ಣೆಗೂ ಇದೆ. ಈ ಸೀಮೆ ಬೆಳೆಯುವ ತೊಗರಿಗಿಲ್ಲ. ಇಲ್ಲದಿದ್ದರೆ ನಾವೇ ಎಳೆದರಾಯಿತು ಎಂದು ನಿಶಾತ ಟೊಂಕ ಕಟ್ಟಿದಳು. ಮಾಲಕ ಬಸವಂತರಾಯರಿಗೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅಂಗಡಿ. ಮೂರರ ದಿನದ ರೇಟು ತರಿಸಿ, ಆಳಂದಕ್ಕೆ ನಲವತ್ತೈದು, ಜೇವರ್ಗಿಗೆ ಮೂವತ್ತೈದು, ಅಫಜಲಪುರಕ್ಕೆ ಇಪ್ಪತ್ತು ಎಂದು ತೂಕ ಹಂಚಿ, ಒಂದೇ ಸೂಚ್ಯಂಕ ಕಟ್ಟಿದಳು. ಬರೆದ ಕಂಪ್ಯೂಟರ್ ಕೋಡು ಹದಿನೇಳು ಸಲ ಕೈಕೊಟ್ಟಿತು. ಹದಿನೆಂಟನೆಯ ಸಲ ಕರಿ ಪರದೆಯ ಮೇಲೆ ಹಳದಿ ಗೆರೆ ಎದ್ದು ನಿಂತಿತು. ಮೂರು ತಾಲ್ಲೂಕಿನ ಸ್ವಂತ ಗೆರೆ. ಇದನ್ನು ಬರೆಯುವಾಗ ನನ್ನ ಎದೆಯೂ ಉಬ್ಬುತ್ತದೆ, ಮುಚ್ಚಿಡುವುದಿಲ್ಲ.

ಬಸವಂತರಾಯರು ಬಂದವರಿಗೆಲ್ಲ ಚಹಾ ಕುಡಿಸಿ ತೋರಿಸಿದರು. “ಬಾಂಬೇದಾಗ ಸೆನ್ಸೆಕ್ಸ್ ಅದ, ನಮ್ಮಲ್ಲಿ ನಿಶಾತ ಅದಾಳ.” ದಿನಾ ಸಂಜೆ ರೈತರ ವಾಟ್ಸಾಪ್ ಗುಂಪಿಗೂ ಕಳಿಸು ಎಂದರು.

2 (ಮತ್ತೆ. ಮೂರಕ್ಕೆ ಹೋಗಲು ನಿಂಬೆವ್ವ ಬಿಡುತ್ತಿಲ್ಲ.)

ಅಂಗಳದಲ್ಲಿ ತೊಗರಿ ಹಸನು ಮಾಡುವ ಕಿಣ್ಣಿ ಸುಲ್ತಾನ ಊರಿನ ನಿಂಬೆವ್ವ ಪರದೆಗೆ ಇಣುಕಿದಳು.

“ಇದೇನ ಬೇ?”

“ತೂಕ, ಆಯಿ. ಮೂರೂ ಕೂಡಿ ನೂರಾಗಬೇಕು. ಇಲ್ಲಾಂದ್ರ ಸಾಫ್ಟ್‌ವೇರ್ ಒಪ್ಪಂಗಿಲ್ಲ.”

“ಯಾರ ಕಾಂಟಾದಾಗ ತೂಗಿದಿ? ಸಾವ್ಕಾರ್ರ ಕಾಂಟಾದಾಗ ನೂರು ಯಾವಾಗರ ನೂರು ಆಗ್ಯಾದೇನು?” ನಿಂಬೆವ್ವ ಮೊರ ಕೆಳಗಿಟ್ಟು ನಕ್ಕಳು. “ಮೋಡ ಕವಿದ್ರ ಕಾಳು ಹಸಿ ಅದ ಅಂತ ಮೂರು ಕಿಲೋ ಮುರೀತಾರ. ನಿನ್ನ ಗೆರಿ ಅದನ್ನೆಲ್ಲ ನುಂಗಿ ಕುಂತದ.”

ನಿಶಾತ ತಲೆ ತಗ್ಗಿಸಿದಳು. (ನಾನೂ.) ಮರುದಿನದಿಂದ ಮೂರೂ ಅಂಗಡಿಯಲ್ಲಿ ಹಸನು ಮಾಡುವ ಹೆಂಗಸರು ಅಂದಂದಿನ ಸೂಟು ಎಷ್ಟೆಂದು ಅವಳಿಗೆ ಫೋನಿನಲ್ಲಿ ಹೇಳತೊಡಗಿದರು. ಹಳದಿಯ ಕೆಳಗೆ ಕೆಂಪು ಗೆರೆ ಮೂಡಿತು. ಮೇಲಿನದು ಹರಾಜಿನ ಸವಾಲಿನಲ್ಲಿ ಕೂಗಿದ ರೇಟು, ಕೆಳಗಿನದು ರೈತರ ಕೈಗೆ ಬಿದ್ದದ್ದು. ನಡುವಿನ ಸಂದಿನಲ್ಲಿ ಆ ಎರಡು ಕಿಲೋ ಬತ್ತಲೆ ನಿಂತಿತ್ತು. ಸಂಜೆ ಅದೂ ಗುಂಪಿಗೆ ಹೋಯಿತು.

4 (ಮೂರನ್ನು ಸೂಟು ಎಂದು ಮುರಿದುಕೊಂಡಿದ್ದೇನೆ.)

“ಕೆಂಪು ಗೆರಿ ಅಳಸು ತಂಗಿ,” ಎಂದರು ಬಸವಂತರಾಯರು, ದನಿ ತಗ್ಗಿಸಿ. “ಸೂಟು ನಮ್ಮಜ್ಜನ ಕಾಲದ ಪದ್ಧತಿ. ಅಳಸಲಿಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ.”

ಮುಕ್ತಾಯ ಅ: ಮಾಲಕರ ಮನಸ್ಸು ಕರಗುತ್ತದೆ. (ನಂಬುವವರು ಒಮ್ಮೆ ತೊಗರಿ ಮಾರಿ ಬನ್ನಿ.)

ಮುಕ್ತಾಯ ಆ: ನಿಶಾತಳ ಕೆಲಸ ಹೋಗುತ್ತದೆ. ನಾನು ಬೆಂಕಿಯಂಥ ಒಂದು ಪ್ಯಾರಾ ಬರೆಯುತ್ತೇನೆ, ನೀವು ಚಪ್ಪಾಳೆ ತಟ್ಟುತ್ತೀರಿ, ಸೂಟು ನಡೆದೇ ಇರುತ್ತದೆ.

ಮುಕ್ತಾಯ ಇ: ಬರೆಯುವಷ್ಟರಲ್ಲಿ ನಿಶಾತ ಬಾಯಿ ಹಾಕಿದಳು. ಮಾತು ನನಗಲ್ಲ, ಮಾಲಕರಿಗೆ.

“ಅದು ಹೋಗಬೇಕಂದ್ರ ದಾರಿ ಅದ್ರಿ. ನೂರು ತೂಗಿ ನೂರಕ್ಕ ರೇಟು ಕೊಡ್ರಿ. ಕೆಂಪು ತಾನೇ ಏರಿ ಹಳದಿಗೆ ಕೂಡ್ತದ. ನನ್ನ ಕೈಲೆ ಅಳಸಂಗಿಲ್ಲ.”

ಬಸವಂತರಾಯರು ಬಾಗಿಲು ತೋರಿಸಿದರು. ನನಗೂ ಅದೇ ಬೇಕಿತ್ತು. ಎದ್ದು ಹೊರಗೆ ನಡೆದರೆ ಕಥೆ ಚೆಂದ ಮುಗಿಯುತ್ತದೆ. ‘ಏಳು ನಿಶಾತ’ ಎಂದು ಬರೆದೆ.

ಅವಳು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ನೀವೂ ಹೇಳಬ್ಯಾಡ್ರಿ ಕಥಿಗಾರ್ರೇ. ಜೇವರ್ಗಿ ರೇಟು ಇನ್ನಾ ಬಂದಿಲ್ಲ. ನಾ ಏಳಂಗಿಲ್ಲ.”